ಕಾರು ಕಟ್ಟುವವರು ವಿಮಾನಕ್ಕೆ ಕೈಹಾಕಿದಾಗ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದ ಮೇಲೆ ತುಮಕೂರು ಸೀಮೆಯ ಮಾತಿನ ಧಾಟಿಯೇ ಬದಲಾಗಿದೆ. ಅಡಿಕೆ ಧಾರಣೆ, ಕೊಬ್ಬರಿ ಖರೀದಿ, ಹೇಮಾವತಿ ನಾಲೆಯ ನೀರಿನ ಜೊತೆಗೆ ಈಗ ಹಾರುವ ಯಂತ್ರಗಳ ಮಾತೂ ಸೇರಿದೆ. ಕುಣಿಗಲ್ ಕಡೆಯವರಿಗಂತೂ ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಬರುತ್ತದೆಯೋ ಇಲ್ಲವೋ ಎಂಬುದೇ ದೊಡ್ಡ ಸುದ್ದಿ. ಅಂತರಸನಹಳ್ಳಿ, ಹಿರೇಹಳ್ಳಿ, ಸತ್ಯಮಂಗಲ, ವಸಂತನರಸಾಪುರಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. ಅಲ್ಲಿ ವಾಹನಗಳ ಬಿಡಿಭಾಗದ ಜಾಬ್ ವರ್ಕ್ ಮೇಲೆ ಬದುಕುವ ಸಣ್ಣ ಘಟಕಗಳ ಮುಂದೆ ಒಂದು ಪ್ರಶ್ನೆ ಇದೆ. ಕಾರಿನ ಕೆಲಸ ಬಲ್ಲವರಿಗೆ ವಿಮಾನದ ಕೆಲಸ ದಕ್ಕೀತೆ? ಇದೇ ಪ್ರಶ್ನೆಯನ್ನು ಜಗತ್ತಿನ ದೊಡ್ಡ ಕಾರು ಕಂಪನಿಗಳು ನೂರು ವರ್ಷಗಳಿಂದ ತಮಗೆ ತಾವೇ ಕೇಳಿಕೊಂಡಿವೆ. ಕೆಲವು ಉತ್ತರ ಕಂಡುಕೊಂಡವು, ಹೆಚ್ಚಿನವು ಕೈಸುಟ್ಟುಕೊಂಡವು.

ಈ ಕಾಲದ ದೊಡ್ಡ ಉದಾಹರಣೆ ಹೋಂಡಾ. ಕೋಲಾರದ ನರಸಾಪುರದಲ್ಲಿ 2013ರಲ್ಲಿ ಶುರುವಾದ ಅದರ ದ್ವಿಚಕ್ರ ವಾಹನ ಕಾರ್ಖಾನೆ ನಮಗೆ ಗೊತ್ತಿರುವುದೇ. ವರ್ಷಕ್ಕೆ 12 ಲಕ್ಷ ಗಾಡಿ ತಯಾರಿಸುವ ಸಾಮರ್ಥ್ಯದಿಂದ ಅದು ಆರಂಭವಾಯಿತು. ಅದೇ ಕಂಪನಿ ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಗ್ರೀನ್ಸ್‌ಬರೊದಲ್ಲಿ ಹೋಂಡಾಜೆಟ್ ಎಂಬ ಪುಟ್ಟ ಖಾಸಗಿ ಜೆಟ್ ತಯಾರಿಸುತ್ತದೆ. ಮೊದಲ ವಿಮಾನ ಗ್ರಾಹಕರ ಕೈಸೇರಿದ್ದು 2015ರ ಡಿಸೆಂಬರ್‌ನಲ್ಲಿ. ಅಲ್ಲಿಂದ ಸುಮಾರು ಹತ್ತು ವರ್ಷದಲ್ಲಿ ಹೊರಬಂದ ಜೆಟ್‌ಗಳು 250ಕ್ಕೆ ಸ್ವಲ್ಪ ಹೆಚ್ಚು. ನರಸಾಪುರದ ಒಂದು ಬೆಳಗಿನ ಪಾಳಿಯಲ್ಲಿ ಇದಕ್ಕಿಂತ ಹೆಚ್ಚು ಸ್ಕೂಟರ್ ಹೊರಬೀಳುತ್ತವೆ. ಅಂದಮೇಲೆ ಕಾರು ಕಂಪನಿಯೊಂದು ವಿಮಾನಕ್ಕಿಳಿದರೆ ಕಾರಿನಂತೆಯೇ ಸಾಲುಸಾಲಾಗಿ ತಯಾರಿಸಿ ಬೆಲೆ ಇಳಿಸುತ್ತದೆ ಎಂಬ ನಂಬಿಕೆಯನ್ನು ಮೊದಲೇ ಬಿಟ್ಟುಬಿಡಬೇಕು.

ಹೋಂಡಾ ಈ ದಾರಿ ಹಿಡಿದದ್ದು 1986ರಲ್ಲಿ. ಆಗ ಅದು ಬರೀ ಸಂಶೋಧನೆ, ಮಾರಾಟದ ಯೋಚನೆ ಇರಲಿಲ್ಲ. ಮಿಚಿಮಾಸಾ ಫುಜಿನೊ ಎಂಬ ಎಳೆಯ ಎಂಜಿನಿಯರನ್ನು ಇನ್ನು ಕೆಲವರ ಜೊತೆ ಅಮೆರಿಕದ ಮಿಸಿಸಿಪ್ಪಿ ರಾಜ್ಯ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿ ಅವರು ಕೈಯಾರೆ ಉಜ್ಜಿ, ಅಂಟಿಸಿ ಸಂಯುಕ್ತ ವಸ್ತುಗಳಿಂದ ವಿಮಾನದ ಮೈ ಕಟ್ಟುವುದನ್ನು ಕಲಿತರು. 1993ರಲ್ಲಿ ಎಂಎಚ್02 ಎಂಬ ಪ್ರಾಯೋಗಿಕ ಜೆಟ್ ಹಾರಿತು. ಅದರಿಂದ ಒಂದು ರೂಪಾಯಿ ಆದಾಯವೂ ಬರಲಿಲ್ಲ, ಬರಬೇಕೆಂದು ಯಾರೂ ಬಯಸಿರಲೂ ಇಲ್ಲ. ಹೋಂಡಾಜೆಟ್ಟಿನ ಮೂಲ ಮಾದರಿ ಗ್ರೀನ್ಸ್‌ಬರೊದಲ್ಲಿ ಹಾರಿದ್ದು 2003ರ ಡಿಸೆಂಬರ್ 3ರಂದು. ಮಾರಾಟಕ್ಕೆ ತರುತ್ತೇವೆ ಎಂದು ಕಂಪನಿ ಘೋಷಿಸಿದ್ದು 2006ರಲ್ಲಿ. 2010ಕ್ಕೆ ಕೊಡುತ್ತೇವೆ ಎಂದಿದ್ದರು, ಕೊಟ್ಟದ್ದು ಐದು ವರ್ಷ ತಡವಾಗಿ. ಮೊದಲ ಸಂಶೋಧನೆಯಿಂದ ಮೊದಲ ಮಾರಾಟದವರೆಗೆ 29 ವರ್ಷ. ಅಷ್ಟರಲ್ಲಿ ಸಂಸ್ಥಾಪಕ ಸೊಯಿಚಿರೊ ಹೋಂಡಾ ತೀರಿಕೊಂಡು ಎರಡು ದಶಕಗಳ ಮೇಲಾಗಿತ್ತು.

ಆ ವಿಮಾನದ ವಿಶೇಷ ಏನೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಾಮಾನ್ಯ ಖಾಸಗಿ ಜೆಟ್‌ಗಳಲ್ಲಿ ಎಂಜಿನ್ನುಗಳು ಹಿಂಬದಿಯ ಮೈಗೆ ಎರಡೂ ಕಡೆ ಅಂಟಿಕೊಂಡಿರುತ್ತವೆ. ಅವುಗಳ ಭಾರ ಹೊರಲು ವಿಮಾನದ ಒಡಲೊಳಗೇ ಗಟ್ಟಿ ತೊಲೆಗಳನ್ನು ಹಾಯಿಸಬೇಕು. ಅಷ್ಟು ಜಾಗ ಪ್ರಯಾಣಿಕರಿಂದ ಕಳೆದುಹೋಗುತ್ತದೆ, ಸದ್ದು ಮತ್ತು ಅದುರು ನೇರವಾಗಿ ಒಳಗೆ ಬರುತ್ತವೆ. ಫುಜಿನೊ ಎಂಜಿನ್ನುಗಳನ್ನು ಗೂಟದಂಥ ಆಧಾರದ ಮೇಲೆ ರೆಕ್ಕೆಗಳ ಮೇಲ್ಭಾಗದಲ್ಲಿ ನಿಲ್ಲಿಸಿದರು. ರೆಕ್ಕೆಯ ಮೇಲೆ ಎಂಜಿನ್ ಇಟ್ಟರೆ ಅಲ್ಲಿ ಹರಿಯುವ ಗಾಳಿ ಕೆಟ್ಟು ಎಳೆತ ಹೆಚ್ಚುತ್ತದೆ ಎಂಬುದು ಅಂದಿನ ವಿಮಾನಶಾಸ್ತ್ರದವರ ಗಟ್ಟಿ ನಂಬಿಕೆ. ಲೆಕ್ಕ ಹಾಕಿ, ಗಾಳಿಸುರಂಗದಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ ಅವರು ಕಂಡುಕೊಂಡದ್ದು ಬೇರೆ: ರೆಕ್ಕೆಯ ಮೇಲೆ ಒಂದು ಖಚಿತ ಜಾಗವಿದೆ, ಎಂಜಿನ್ ಅಲ್ಲಿದ್ದರೆ ಹೆಚ್ಚಿನ ವೇಗದಲ್ಲಿ ಹುಟ್ಟುವ ಆಘಾತ ಅಲೆ ಕುಗ್ಗಿ ಎಳೆತ ಕಡಿಮೆಯೇ ಆಗುತ್ತದೆ. ಈ ವಿನ್ಯಾಸವನ್ನು ಅವರು ಮೊದಲು ಗೀಚಿದ್ದು 1997ರಲ್ಲಿ, ಕ್ಯಾಲೆಂಡರ್ ಹಾಳೆಯೊಂದರ ಹಿಂಬದಿಯಲ್ಲಿ. ಅದನ್ನು ತಜ್ಞರು ಒಪ್ಪುವಂತೆ ಮಾಡಲು ವರ್ಷಗಳೇ ಹಿಡಿದವು.

ಎಂಜಿನ್ನೂ ಹೊಸದು. ಹೋಂಡಾ ತಾನೇ ರೂಪಿಸಿದ್ದ ಎಂಜಿನ್ನನ್ನು ಮುಂದೆ ಜಿಇ ಜೊತೆ ಸೇರಿ ಎಚ್‌ಎಫ್120 ಆಗಿ ಬೆಳೆಸಿತು. ಅದಕ್ಕೆ ಪ್ರಮಾಣಪತ್ರ ಸಿಕ್ಕಿದ್ದು 2013ರ ಡಿಸೆಂಬರ್‌ನಲ್ಲಿ. ಹಕ್ಕಿ ನುಂಗಿಸಿ, ಆಲಿಕಲ್ಲು ಎರಚಿ, ಮಂಜುಗಡ್ಡೆ ಕಟ್ಟಿಸಿ, ಓಡುತ್ತಿರುವಾಗಲೇ ಅಲಗು ಮುರಿಸಿ, ಇಷ್ಟೆಲ್ಲ ಆದ ಮೇಲೂ ವಿಮಾನಕ್ಕೆ ಅಪಾಯವಾಗದು ಎಂದು ತೋರಿಸಿಕೊಟ್ಟರೆ ಮಾತ್ರ ಆ ಕಾಗದ ಕೈಗೆ ಬರುತ್ತದೆ. ವಿಮಾನ ತಡವಾಗಲು ಎಂಜಿನ್ನೇ ಒಂದು ಮುಖ್ಯ ಕಾರಣವಾಗಿತ್ತು.

ಫಲ ಏನಾಯಿತು? ತನ್ನ ವರ್ಗದಲ್ಲಿ 2017ರಿಂದ 2021ರವರೆಗೆ ಸತತ ಐದು ವರ್ಷ ಜಗತ್ತಿನಲ್ಲಿ ಅತಿ ಹೆಚ್ಚು ವಿತರಣೆಯಾದ ಜೆಟ್ ಹೋಂಡಾಜೆಟ್. ಗಂಟೆಗೆ ಸುಮಾರು 780 ಕಿಲೋಮೀಟರ್ ವೇಗ, 43,000 ಅಡಿ ಎತ್ತರ. 2022ರಲ್ಲಿ ಬಂದ ಎಲೀಟ್ 2 ಮಾದರಿ ಒಂದೇ ಹಾರಾಟದಲ್ಲಿ 2,800 ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು, ಅಂದರೆ ಬೆಂಗಳೂರಿನಿಂದ ದಿಲ್ಲಿಗೆ ಸಲೀಸು. ಬೆಲೆ ಮೊದಲು 45 ಲಕ್ಷ ಡಾಲರ್ ಇದ್ದದ್ದು ಎಲೀಟ್ 2ಕ್ಕೆ ಬರುವ ಹೊತ್ತಿಗೆ 70 ಲಕ್ಷ ಡಾಲರಿನ ಹತ್ತಿರ ಬಂತು. ನಮ್ಮ ಲೆಕ್ಕದಲ್ಲಿ ಸುಮಾರು 60 ಕೋಟಿ ರೂಪಾಯಿ. ಇಷ್ಟೆಲ್ಲ ಇದ್ದರೂ ಕಂಪನಿಯ ವಾರ್ಷಿಕ ಲೆಕ್ಕಪತ್ರದಲ್ಲಿ ವಿಮಾನ ವಿಭಾಗ ನಷ್ಟವನ್ನೇ ತೋರಿಸುತ್ತ ಬಂದಿದೆ. ಆದರೂ ಹೋಂಡಾ ಹಿಂದೆಗೆದಿಲ್ಲ. ಎಶೆಲಾನ್ ಎಂಬ ಇನ್ನೂ ದೊಡ್ಡ ಜೆಟ್ಟನ್ನು 2023ರಲ್ಲಿ ಪ್ರಕಟಿಸಿ, 2028ಕ್ಕೆ ಪ್ರಮಾಣಪತ್ರ ಪಡೆಯುವ ಗುರಿ ಇಟ್ಟುಕೊಂಡಿತು. ಮೋಟಾರ್‌ಸೈಕಲ್ಲು, ಕಾರುಗಳ ಲಾಭ ಈ ನಷ್ಟವನ್ನು ಹೊರುತ್ತಿದೆ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ತಿರುಳು ಇಲ್ಲಿದೆ. ಕಾರು ಕಂಪನಿ ವಿಮಾನಕ್ಕೆ ತರುವ ನಿಜವಾದ ಬಂಡವಾಳ ಅದರ ಅಸೆಂಬ್ಲಿ ಲೈನ್ ಅಲ್ಲ, ಫಲವಿಲ್ಲದ ವರ್ಷಗಳನ್ನು ಸಹಿಸುವ ತ್ರಾಣ. ತೆಂಗಿನ ಸಸಿ ನೆಟ್ಟವನು ಏಳೆಂಟು ವರ್ಷ ಕಾಯಿ ಕೇಳುವುದಿಲ್ಲ, ಇಲ್ಲಿ ಅಂಥ ಮೂರ್ನಾಲ್ಕು ಪಾಲು ಕಾಯಬೇಕು.

ತ್ರಾಣ ಸಾಲದವರ ಪಟ್ಟಿ ದೊಡ್ಡದು. ಹೆನ್ರಿ ಫೋರ್ಡ್ 1925ರಲ್ಲಿ ಒಂದು ವಿಮಾನ ಕಂಪನಿ ಕೊಂಡು ಮೂರು ಎಂಜಿನ್ನಿನ ಟ್ರೈಮೋಟರ್ ತಯಾರಿಸಿದ. ಒಳ್ಳೆಯ ವಿಮಾನ, 199 ತಯಾರಾದವು. 1933ಕ್ಕೆ ಆ ವಿಭಾಗ ಮುಚ್ಚಿತು. ಕ್ರೈಸ್ಲರ್ 1985ರಲ್ಲಿ ಗಲ್ಫ್‌ಸ್ಟ್ರೀಮ್ ಎಂಬ ಹೆಸರಾಂತ ಖಾಸಗಿ ಜೆಟ್ ಕಂಪನಿಯನ್ನೇ ಕೊಂಡು, ಐದು ವರ್ಷವಾಗುವ ಹೊತ್ತಿಗೆ ಮಾರಿತು. ಪೋರ್ಷೆ ತನ್ನ 911 ಕಾರಿನ ಎಂಜಿನ್ನನ್ನು ಸಣ್ಣ ವಿಮಾನಗಳಿಗೆ ಹೊಂದಿಸಲು ಹೋಗಿ 1990ರ ದಶಕದ ಆರಂಭದಲ್ಲಿ ಕೈಬಿಟ್ಟಿತು. ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್‌ನಿಂದಲೇ ಅದೇ ಹೆಸರಿನ ಕಾರು ಕಂಪನಿ 1970ರಲ್ಲಿ ಬೇರೆಯಾಯಿತು. ಬೋಯಿಂಗ್‌ಗೆ ರೆಕ್ಕೆ ಮಾಡಿಕೊಡುವಷ್ಟು ಕೈಪಳಗಿದ ಸಂಸ್ಥೆ ಈ ಹೆವಿ ಇಂಡಸ್ಟ್ರೀಸ್. ಅದರ ಪ್ರಯಾಣಿಕ ಜೆಟ್ 2015ರಲ್ಲಿ ಹಾರಿತು, ಆದರೆ ಪ್ರಮಾಣಪತ್ರ ದಕ್ಕದೆ 2023ರ ಫೆಬ್ರವರಿಯಲ್ಲಿ ಯೋಜನೆಯೇ ರದ್ದಾಯಿತು.

ಕಾರಿನ ಹಂಗಿಲ್ಲದವರ ಪಾಡೂ ಹಾಗೇ. ಎಕ್ಲಿಪ್ಸ್ ಎಂಬ ಅಮೆರಿಕದ ಕಂಪನಿ ಪುಟ್ಟ ಜೆಟ್‌ಗಳನ್ನು ಸಾವಿರಗಟ್ಟಲೆ ತಯಾರಿಸಿ ಬಾಡಿಗೆ ಟ್ಯಾಕ್ಸಿಯಷ್ಟು ಸಾಮಾನ್ಯವಾಗಿಸುತ್ತೇನೆ ಎಂದು ಹೊರಟಿತ್ತು. ಸುಮಾರು 260 ವಿಮಾನ ಆಗುವಷ್ಟರಲ್ಲಿ, 2008ರ ನವೆಂಬರ್‌ನಲ್ಲಿ ದಿವಾಳಿಯಾಯಿತು. ಅದನ್ನೇ ನಂಬಿದ್ದ ಡೇಜೆಟ್ ಎಂಬ ಏರ್ ಟ್ಯಾಕ್ಸಿ ಸೇವೆ ಅದಕ್ಕೂ ಎರಡು ತಿಂಗಳು ಮೊದಲೇ ನಿಂತಿತ್ತು. ಇನ್ನೊಂದು ಕಡೆ ಸಿರಸ್ ಒಂದೇ ಎಂಜಿನ್ನಿನ, ಇಡೀ ವಿಮಾನಕ್ಕೇ ಪ್ಯಾರಾಚೂಟ್ ಕಟ್ಟಿದ ವಿಷನ್ ಜೆಟ್ಟನ್ನು 2016ರಿಂದ ಮಾರಿ ಗೆದ್ದಿದೆ. ಅದೂ ಹಳೆಯ ವಿಮಾನ ಕಂಪನಿಯೇ, ಆ ಜೆಟ್ಟಿಗಾಗಿ ಹತ್ತು ವರ್ಷ ದುಡಿದಿತ್ತು.

ಇನ್ನು ನಮ್ಮ ಮನೆಯ ಕಥೆ. ಕಾರಿಗೂ ವಿಮಾನಕ್ಕೂ ಇರುವ ನಂಟು ಮೈಸೂರು ಸಂಸ್ಥಾನಕ್ಕೆ ಹೊಸದಲ್ಲ. ಭಾರತದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಹಟ ಹಿಡಿದವರು ವಿಶ್ವೇಶ್ವರಯ್ಯ. ಯುರೋಪು, ಅಮೆರಿಕ ಸುತ್ತಿ ಯೋಜನೆ ಸಿದ್ಧಪಡಿಸಿ ತಂದರು. ಹಣ ಹೂಡಲು ಮುಂದೆ ಬಂದವರು ವಾಲ್‌ಚಂದ್ ಹೀರಾಚಂದ್. ಬ್ರಿಟಿಷರು ಬೆಂಬಲ ಕೊಡಲಿಲ್ಲ, ಬೆಂಗಳೂರಿನಲ್ಲಿ ಕಾರು ಕಾರ್ಖಾನೆ ಏಳಲಿಲ್ಲ. ಕಾರಿನ ಒಪ್ಪಂದಕ್ಕೆಂದೇ ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದ್‌ಗೆ 1939ರ ಆ ಪ್ರಯಾಣದಲ್ಲಿ ವಿಮಾನ ಉದ್ಯಮಿ ವಿಲಿಯಂ ಪಾಲಿಯ ಪರಿಚಯವಾಯಿತು. ಯುದ್ಧ ಶುರುವಾಗಿತ್ತು, ವಿಮಾನ ಬೇಕಾಗಿತ್ತು. ದಿವಾನ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ ಮೈಸೂರು ಸರ್ಕಾರ 25 ಲಕ್ಷ ರೂಪಾಯಿಯ ಪಾಲು ಹಾಕಿ, 700 ಎಕರೆ ಜಮೀನನ್ನೂ ಕೊಟ್ಟಿತು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಕಾರು ಕಟ್ಟಲು ಹೊರಟವನು ವಿಮಾನ ಕಾರ್ಖಾನೆ ಕಟ್ಟಿದ. 1942ರಲ್ಲಿ ಭಾರತ ಸರ್ಕಾರ ಅವರ ಪಾಲು ಕೊಂಡುಕೊಂಡಿತು. ವಾಲ್‌ಚಂದ್ ಕಾರಿನ ಕನಸನ್ನು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂದು ಈಡೇರಿಸಿಕೊಂಡರು. ಬೆಂಗಳೂರಿನ ಕಾರ್ಖಾನೆ ಎಚ್‌ಎಎಲ್ ಆಗಿ ಬೆಳೆದು, ವಿ. ಎಂ. ಘಾಟಗೆ ನೇತೃತ್ವದಲ್ಲಿ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನವನ್ನು 1951ರ ಆಗಸ್ಟ್ 5ರಂದು ಹಾರಿಸಿತು. ಅದೇ ಎಚ್‌ಎಎಲ್‌ನ ಒಂದು ಕೊಂಬೆ ಈಗ ಗುಬ್ಬಿಯಲ್ಲಿದೆ.

ಎರಡನೆಯ ಅಧ್ಯಾಯ ಮಹೀಂದ್ರದ್ದು. ಹೋಂಡಾದ ಕಥೆಗೆ ಭಾರತದಲ್ಲಿ ಅತಿ ಹತ್ತಿರದ ಪ್ರಸಂಗ ಇದೇ, ಇದೂ ಬೆಂಗಳೂರಿನಲ್ಲೇ ನಡೆದದ್ದು. ಜೀಪು, ಟ್ರ್ಯಾಕ್ಟರುಗಳ ಮಹೀಂದ್ರ ಸಮೂಹ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್ ಜೊತೆ ಸೇರಿ ಐದು ಆಸನದ ಎನ್‌ಎಂ5 ವಿಮಾನ ರೂಪಿಸಿತು. 2009ರ ಡಿಸೆಂಬರ್‌ನಲ್ಲಿ ಸುಮಾರು 175 ಕೋಟಿ ರೂಪಾಯಿ ಕೊಟ್ಟು ಆಸ್ಟ್ರೇಲಿಯಾದ ಗಿಪ್ಸ್‌ಏರೊ ಮತ್ತು ಇನ್ನೊಂದು ಬಿಡಿಭಾಗ ಕಂಪನಿಯ ಬಹುಪಾಲು ಕೊಂಡಿತು. ಎಂಟು ಆಸನದ ಏರ್‌ವ್ಯಾನ್ ಗಿಪ್ಸ್‌ಏರೊದ ಹೆಸರುವಾಸಿ ವಿಮಾನ, ಕಚ್ಚಾ ಓಡುದಾರಿಯಿಂದಲೂ ಏಳಬಲ್ಲ ಗಟ್ಟಿ ಆಸಾಮಿ. 2011ರ ಸೆಪ್ಟೆಂಬರ್ 1ರಂದು ಎನ್‌ಎಂ5 ಆಸ್ಟ್ರೇಲಿಯಾದಲ್ಲಿ ಹಾರಿದಾಗ, ಸರ್ಕಾರಿ ಪ್ರಯೋಗಾಲಯವೂ ಖಾಸಗಿ ಕಾರು ಕಂಪನಿಯೂ ಕೂಡಿ ಮಾಡಿದ ನಮ್ಮ ಮೊದಲ ನಾಗರಿಕ ವಿಮಾನ ಎಂದು ಎಲ್ಲರೂ ಹೆಮ್ಮೆಪಟ್ಟರು. ಅದು ಮಾರುಕಟ್ಟೆಗೆ ಬರಲೇ ಇಲ್ಲ. ಹತ್ತು ಆಸನದ ಇನ್ನೊಂದು ವಿಮಾನಕ್ಕೆ 2017ರಲ್ಲಿ ಪ್ರಮಾಣಪತ್ರ ಸಿಕ್ಕಿತು, ಆದರೆ 2020ರಲ್ಲಿ ಮಹೀಂದ್ರ ಆಸ್ಟ್ರೇಲಿಯಾದ ತಯಾರಿಕೆಯನ್ನೇ ನಿಲ್ಲಿಸಿತು. ಮೂರು ವರ್ಷದ ಬಳಿಕ ಗಿಪ್ಸ್‌ಏರೊ ಅದರ ಸಂಸ್ಥಾಪಕರಲ್ಲೊಬ್ಬರ ಕೈಗೇ ಮರಳಿತು.

ಮಹೀಂದ್ರವನ್ನು ದೂರುವುದು ಸುಲಭ, ನ್ಯಾಯವಲ್ಲ. ಹೋಂಡಾದ ಮೂರನೇ ಒಂದು ಪಾಲು ಕಾಲವಷ್ಟೇ ಅದು ತಡೆದದ್ದು, ನಿಜ. ಆದರೆ ಅಮೆರಿಕದಲ್ಲಿ ಸಣ್ಣ ವಿಮಾನ ಕೊಳ್ಳುವ ಸಾವಿರಾರು ಜನರಿದ್ದಾರೆ, ಊರೂರಿಗೆ ಓಡುದಾರಿಗಳಿವೆ, ಪ್ರಮಾಣೀಕರಣದ ಪಳಗಿದ ವ್ಯವಸ್ಥೆ ಇದೆ. ನಮ್ಮಲ್ಲಿ ಸಣ್ಣ ವಿಮಾನಕ್ಕೆ ಗಿರಾಕಿಯೂ ಕಡಿಮೆ, ಇಳಿಯಲು ಜಾಗವೂ ಕಡಿಮೆ. ಎನ್‌ಎಎಲ್‌ನದೇ ಸರಸ್ ವಿಮಾನದ ಹಾದಿ ನೋಡಿದರೆ ಇದು ಎಷ್ಟು ಕಠಿಣವೆಂದು ಅರಿವಾಗುತ್ತದೆ. ಸರಸ್ ಮೊದಲ ಸಲ ಹಾರಿದ್ದು 2004ರ ಮೇ 29ರಂದು. 2009ರ ಮಾರ್ಚ್ 6ರಂದು ಅದರ ಒಂದು ಮಾದರಿ ಪರೀಕ್ಷಾ ಹಾರಾಟದಲ್ಲಿ ಬಿಡದಿ ಬಳಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಕಳೆದುಕೊಂಡರು. ಯೋಜನೆ ವರ್ಷಗಟ್ಟಲೆ ಸ್ತಬ್ಧವಾಗಿ, ಮತ್ತೆ ಹಾರಿದ್ದು 2018ರ ಜನವರಿಯಲ್ಲಿ. ಆ ಮೂವರ ಬಲಿದಾನದ ಎದುರು ತಡವಾಯಿತು ಎಂದು ಗೊಣಗಲು ನನಗೆ ಮನಸ್ಸಾಗುವುದಿಲ್ಲ. ಪ್ರಮಾಣಪತ್ರದ ಕಟ್ಟುನಿಟ್ಟು ಇರುವುದೇ ಅಂಥ ಸಾವುಗಳನ್ನು ತಪ್ಪಿಸಲು.

ಮಹೀಂದ್ರ ವಿಮಾನದಿಂದ ಹಿಂದೆ ಸರಿದರೂ ವಿಮಾನದ ಕೆಲಸದಿಂದ ಸರಿಯಲಿಲ್ಲ, ಇದು ನಮಗೆ ಮುಖ್ಯ. 2013ರಲ್ಲಿ ನರಸಾಪುರದಲ್ಲಿ, ಹೋಂಡಾ ಸ್ಕೂಟರ್ ಕಾರ್ಖಾನೆ ಇರುವ ಅದೇ ಕೈಗಾರಿಕಾ ಪ್ರದೇಶದಲ್ಲಿ, ಅದು ವಿಮಾನದ ಬಿಡಿಭಾಗದ ಕಾರ್ಖಾನೆ ತೆರೆಯಿತು. ಏರ್‌ಬಸ್‌ಗೆ ಅಲ್ಲಿಂದ ಲೋಹದ ಭಾಗಗಳು ಹೋಗುತ್ತವೆ. ಏರ್‌ಬಸ್ ಎಚ್125 ಹೆಲಿಕಾಪ್ಟರಿನ ಮುಖ್ಯ ಒಡಲನ್ನು ತಯಾರಿಸುವ ಗುತ್ತಿಗೆಯೂ 2025ರಲ್ಲಿ ಅದಕ್ಕೇ ಸಿಕ್ಕಿತು. ಅದೇ ಹೆಲಿಕಾಪ್ಟರನ್ನು ಜೋಡಿಸುವ ಘಟಕಕ್ಕೆ ಟಾಟಾ ಆರಿಸಿಕೊಂಡದ್ದೂ ಕೋಲಾರ ಜಿಲ್ಲೆಯ ವೇಮಗಲ್ಲನ್ನೇ. ಖಾಸಗಿ ಜೆಟ್ಟಿನ ವಿಷಯಕ್ಕೆ ಬಂದರೆ, ಫ್ರಾನ್ಸಿನ ದಸೊ ಕಂಪನಿಯ ಫಾಲ್ಕನ್ 2000 ಜೆಟ್ಟನ್ನು ನಾಗಪುರದಲ್ಲಿ ಜೋಡಿಸುವುದಾಗಿ 2025ರ ಜೂನ್‌ನಲ್ಲಿ ಪ್ರಕಟವಾಯಿತು. ಅಲ್ಲಿ ಮೊದಲು ಬಿಡಿಭಾಗ ಬಂತು, ಆಮೇಲೆ ಮೂತಿ ಮತ್ತು ಒಡಲು, ಕೊನೆಗೆ ಇಡೀ ವಿಮಾನ. ಆ ಕ್ರಮವನ್ನು ಗಮನಿಸಬೇಕು.

ಬಿದರೆಹಳ್ಳ ಕಾವಲ್‌ನ ಕಾರ್ಖಾನೆಗೆ 2016ರ ಜನವರಿ 3ರಂದು ಶಂಕುಸ್ಥಾಪನೆಯಾಗಿ, ಏಳು ವರ್ಷದ ಮೇಲೆ ಉದ್ಘಾಟನೆಯಾಯಿತು. 615 ಎಕರೆ ವಿಸ್ತೀರ್ಣ, ಹೆಲಿಕಾಪ್ಟರ್ ಓಡುದಾರಿ, ಹ್ಯಾಂಗರುಗಳು, ಸಂಚಾರ ನಿಯಂತ್ರಣ ಗೋಪುರ ಎಲ್ಲ ಇವೆ. ಮೂರು ಟನ್ ವರ್ಗದ ಹಗುರ ಹೆಲಿಕಾಪ್ಟರನ್ನು ವರ್ಷಕ್ಕೆ 30ರಂತೆ ತಯಾರಿಸಿ, ಮುಂದೆ 60, 90ಕ್ಕೆ ಏರಿಸುವುದು ಯೋಜನೆ. 2025ರ ಮಾರ್ಚ್‌ನಲ್ಲಿ ರಕ್ಷಣಾ ಇಲಾಖೆ 156 ಪ್ರಚಂಡ್ ಹೆಲಿಕಾಪ್ಟರುಗಳಿಗೆ ಸಹಿ ಹಾಕಿದಾಗ, ಅವು ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಾಗುತ್ತವೆ ಎಂದಿತು. ಇದು ಗಟ್ಟಿ ಕೆಲಸ, ಕಾಗದದ ಮೇಲಿನ ಆಸೆಯಲ್ಲ.

ಹಾಗಾದರೆ ಅಂತರಸನಹಳ್ಳಿಯ ಸಿಎನ್‌ಸಿ ಘಟಕಕ್ಕೆ ಇದರಲ್ಲಿ ಪಾಲು ಸಿಗಬೇಕಾದರೆ ಏನು ಬೇಕು? ಒಂದು ಅಲ್ಯುಮಿನಿಯಂ ಬ್ರಾಕೆಟ್ ತೆಗೆದುಕೊಳ್ಳಿ, ಅಂಗೈ ಅಗಲದ್ದು, ನಾಲ್ಕು ತೂತು ಇರುವಂಥದ್ದು. ಕಾರಿಗಾದರೆ ಲಾಟಿನಲ್ಲಿ ಕೆಲವನ್ನು ಗೇಜು ಹಾಕಿ ನೋಡಿ, ಅಳತೆ ಸರಿ ಬಂದರೆ ಮಾಲು ಹೊರಡುತ್ತದೆ. ವಿಮಾನಕ್ಕಾದರೆ ಆ ಲೋಹ ಯಾವ ಕುಲುಮೆಯ ಯಾವ ಎರಕದಿಂದ ಬಂತು, ಯಾವ ಯಂತ್ರದಲ್ಲಿ ಯಾರು ಕೊರೆದರು, ಯಾವ ಗೇಜು, ಆ ಗೇಜನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ, ಲೇಪನದ ದ್ರಾವಣದ ಬಿಸಿ ಎಷ್ಟಿತ್ತು, ಇಷ್ಟೂ ದಾಖಲೆ ಆ ಬ್ರಾಕೆಟ್ಟಿನ ಜೊತೆ ಹೋಗಬೇಕು, ಆ ವಿಮಾನ ಹಾರುವಷ್ಟು ಕಾಲ ಉಳಿಯಬೇಕು. ತೂತಿನ ಅಂಚಿನಲ್ಲಿ ಕೈಗೆ ಹತ್ತದಷ್ಟು ಬರ್, ಅಂದರೆ ಲೋಹದ ಸಣ್ಣ ಮುಳ್ಳು, ಉಳಿದರೂ ಅಲ್ಲಿಂದಲೇ ಬಿರುಕು ಹುಟ್ಟಬಹುದು. ನಮ್ಮ ಕೆಲಸಗಾರರ ಕೈಗೆ ಈ ನಯ ಬಾರದ್ದೇನಲ್ಲ. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಕೂದಲೆಳೆಗಿಂತ ಸಣ್ಣ ಅಳತೆಯ ಕೆಲಸ ದಶಕಗಳ ಕಾಲ ನಡೆದಿತ್ತು. ನೋವಿನ ಸಂಗತಿ ಎಂದರೆ ಆ ಕೈಗಾರಿಕೆ ಮುಚ್ಚಿದಾಗ ಆ ಕೈಗಳನ್ನು ಇನ್ನೊಂದು ಸೂಕ್ಷ್ಮ ಉದ್ಯಮಕ್ಕೆ ದಾಟಿಸುವ ಏರ್ಪಾಡು ಇರಲಿಲ್ಲ. ಜಾಗ ಇಸ್ರೊಗೆ ಹೋಯಿತು, ಒಳ್ಳೆಯದೇ ಆಯಿತು, ಕೈಗಳು ಮಾತ್ರ ಚದುರಿಹೋದವು.

ಕುಣಿಗಲ್ಲಿನ ವಿಷಯ ಬೇರೆ. ಬೆಂಗಳೂರಿನ ಎರಡನೇ ನಿಲ್ದಾಣಕ್ಕೆ ರಾಜ್ಯ ಸರ್ಕಾರ ಗುರುತಿಸಿದ ಮೂರು ಜಾಗಗಳಲ್ಲಿ ಕನಕಪುರ ರಸ್ತೆಯ ಎರಡರ ಜೊತೆ ನೆಲಮಂಗಲ–ಕುಣಿಗಲ್ ರಸ್ತೆಯದೂ ಒಂದು. ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ 2025ರ ಏಪ್ರಿಲ್‌ನಲ್ಲಿ ಬಂದು ನೋಡಿತು. ದೇವನಹಳ್ಳಿ ನಿಲ್ದಾಣದ ಒಪ್ಪಂದದಂತೆ 150 ಕಿಲೋಮೀಟರಿನೊಳಗೆ 2033ರವರೆಗೆ ಹೊಸ ನಿಲ್ದಾಣ ಬರುವಂತಿಲ್ಲ. ಶಿರಾ ಬಳಿ ಆಗಲಿ ಎಂಬ ಬೇಡಿಕೆಯೂ ನಮ್ಮ ಜಿಲ್ಲೆಯಲ್ಲಿ ಬಲವಾಗಿದೆ. ಎಲ್ಲೇ ಬಂದರೂ ಸಣ್ಣ ಜೆಟ್‌ಗಳ ಮಟ್ಟಿಗೆ ಒಂದು ಮಾತು. ಹೋಂಡಾಜೆಟ್ಟಿನಂಥ ವಿಮಾನಕ್ಕೆ ಕಡಲಮಟ್ಟದಲ್ಲಿ ಒಂದು ಕಿಲೋಮೀಟರಿಗೆ ತುಸು ಹೆಚ್ಚು ಉದ್ದದ ಓಡುದಾರಿ ಸಾಕು. ತುಮಕೂರು ಇರುವುದು 800 ಮೀಟರಿಗೂ ಮೇಲೆ. ಎತ್ತರದಲ್ಲಿ ಗಾಳಿ ತೆಳು, ಏಪ್ರಿಲ್ ಬಿಸಿಲಿಗೆ ಇನ್ನೂ ತೆಳು. ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೂ ಕಸುವು ಕಡಿಮೆ, ಹಾಗಾಗಿ ಓಡುದಾರಿ ಇನ್ನಷ್ಟು ಉದ್ದ ಬೇಕು. ಸಣ್ಣ ಜೆಟ್ ಎಂದರೆ ಸಣ್ಣ ಜಾಗ ಸಾಕು ಎಂಬ ಲೆಕ್ಕ ಇಲ್ಲಿ ನಡೆಯದು.

ಇಂಥ ಜೆಟ್‌ಗಳನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನೂ ನೇರವಾಗಿ ಕೇಳಬೇಕು. ಸ್ವಂತ ಬಳಕೆಯ ವಿಮಾನಕ್ಕೆ 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ ಶೇ 40. ಅರವತ್ತು ಕೋಟಿಯ ಮೇಲೆ ಇನ್ನೂ 24 ಕೋಟಿ. ಈ ತೆರಿಗೆ ತಪ್ಪೆಂದು ನನಗನಿಸುವುದಿಲ್ಲ. ಆದರೆ ಅಂಥ ಮಾರುಕಟ್ಟೆಯನ್ನು ನಂಬಿ ಜೆಟ್ ಕಾರ್ಖಾನೆಯ ಹೆಸರಿನಲ್ಲಿ ಯಾರಾದರೂ ತೆಂಗಿನ ತೋಟ ಕೇಳಿದರೆ ರೈತರು ಲೆಕ್ಕ ಕೇಳಲೇಬೇಕು. ಕೆಲಸ ಇರುವುದು ಕೊಳ್ಳುವ ಕಡೆಗಿಂತ ನೋಡಿಕೊಳ್ಳುವ ಕಡೆ ಹೆಚ್ಚು. ಒಂದು ಜೆಟ್ ಮೂವತ್ತು ವರ್ಷ ಹಾರುತ್ತದೆ, ಇಂತಿಷ್ಟು ಗಂಟೆಗೊಮ್ಮೆ ತಪಾಸಣೆ, ಎಂಜಿನ್ ಬಿಚ್ಚುವಿಕೆ, ಬಿಡಿಭಾಗ ಬದಲಾವಣೆ ಕಡ್ಡಾಯ. ಹೆಲಿಕಾಪ್ಟರಿಗೂ ಅಷ್ಟೇ.

ಆದ್ದರಿಂದ ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ಊರುಗಳು ಈಗ ಕೇಳಬೇಕಾದದ್ದು ಜೆಟ್ ಕಾರ್ಖಾನೆಯನ್ನಲ್ಲ. ತುಮಕೂರಿನ ಸಣ್ಣ ಘಟಕಗಳು ಹಂಚಿಕೊಂಡು ಬಳಸುವಂಥ ಒಂದು ಪರೀಕ್ಷಾ ಪ್ರಯೋಗಾಲಯ ಬೇಕು. ಲೋಹದ ಒಳಬಿರುಕು ಹಿಡಿಯುವ, ಗೇಜು ಪರೀಕ್ಷಿಸುವ, ಲೇಪನಕ್ಕೆ ಮಾನ್ಯತೆ ಕೊಡಿಸುವ ಸೌಲಭ್ಯವನ್ನು ಒಂದೊಂದು ಘಟಕವೂ ಒಂಟಿಯಾಗಿ ಹೊಂದಲಾಗದು. ಸಿದ್ಧಗಂಗಾ ತಾಂತ್ರಿಕ ಕಾಲೇಜು, ಗುಬ್ಬಿಯ ಚನ್ನಬಸವೇಶ್ವರ ತಾಂತ್ರಿಕ ಕಾಲೇಜುಗಳ ಪ್ರಯೋಗಾಲಯಗಳನ್ನೇ ಇದಕ್ಕೆ ಬೆಳೆಸಬಹುದು. ಐಟಿಐಗಳಲ್ಲಿ ವಿಮಾನದ ಒಡಲು ಮತ್ತು ಉಪಕರಣ ಜೋಡಿಸುವ ಫಿಟ್ಟರ್ ಎಂಬ ತರಬೇತಿ ವಿಭಾಗ ದೇಶದಲ್ಲಿ ಮಾನ್ಯತೆ ಪಡೆದು ಇದೆ. ಗುಬ್ಬಿ, ಕುಣಿಗಲ್, ತುಮಕೂರಿನ ಐಟಿಐಗಳಲ್ಲಿ ಅದಕ್ಕೆ ಸೀಟು ಬೇಕು. ಕುಣಿಗಲ್ ರಸ್ತೆಯಲ್ಲಿ ನಿಲ್ದಾಣ ಬರುವುದೇ ಆದರೆ ಅದರ ನಕ್ಷೆಯಲ್ಲಿ ದುರಸ್ತಿ ಹ್ಯಾಂಗರುಗಳಿಗೆ ಜಾಗವನ್ನು ಮೊದಲೇ ಬರೆಸಬೇಕು, ಜಮೀನು ಬಿಟ್ಟುಕೊಡುವ ಮನೆಗಳ ಮಕ್ಕಳಿಗೆ ಆ ಹ್ಯಾಂಗರುಗಳಲ್ಲಿ ಕೆಲಸ ಮಾಡುವ ಪರವಾನಗಿ ತರಬೇತಿಯನ್ನು ಪರಿಹಾರದ ಭಾಗವಾಗಿಯೇ ಸೇರಿಸಬೇಕು. ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎ ಮಾನ್ಯತೆಯ ವಿಮಾನ ನಿರ್ವಹಣಾ ಎಂಜಿನಿಯರ್ ಪರವಾನಗಿಗೆ ಓದು, ಪರೀಕ್ಷೆ, ಹ್ಯಾಂಗರಿನ ಅನುಭವ ಎಲ್ಲ ಸೇರಿ ವರ್ಷಗಳೇ ಬೇಕು. 2033ಕ್ಕೆ ಓಡುದಾರಿ ಸಿದ್ಧವಾಗಲಿ ಎಂದರೆ, ಆ ಪರವಾನಗಿ ಹಿಡಿಯಬೇಕಾದ ಹುಡುಗ ಹುಡುಗಿಯರು ಈಗ ಹೈಸ್ಕೂಲು, ಪಿಯುಸಿ ತರಗತಿಗಳಲ್ಲಿದ್ದಾರೆ.